ತರಿ

ತರಿ: ಕನ್ನಡದಲ್ಲಿ ಒಂದೇ ರೂಪ ಪಡೆದಿರುವ ನಾಲ್ಕು ಬೇರೆಬೇರೆ ಪದಗಳು. ಎರಡು ದ್ರಾವಿಡ ಮೂಲದವು, ಒಂದು ಸಂಸ್ಕೃತದ್ದು, ಇನ್ನೊಂದು ಫಾರಸಿಯದು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸಂಸ್ಕೃತದ ತರಿಯೊಂದನ್ನು ಬಿಟ್ಟು ಉಳಿದ ಮೂರೂ ಬಳಕೆಯಲ್ಲಿವೆ. ಜೊತೆಗೆ ಒಂದು ಊರಿನ ಹೆಸರೇ ಈ ಸದ್ದಿನಿಂದ ಶುರುವಾಗುತ್ತದೆ. ತರೀಕೆರೆ ಏರಿಯ ಮೇಲೆ ಕರಿ ಕುರಿಮರಿಗಳನ್ನು ಮೇಯಿಸುವ ನಾಲಿಗೆ ತೊಡರಿನ ಮಾತನ್ನು ಆಡಿ ಸೋಲದ ಕನ್ನಡದ ಮಕ್ಕಳು ಕಡಿಮೆ.

ಕತ್ತರಿಸು, ಕಡಿ ಎಂಬ ಅರ್ಥದ ಕ್ರಿಯಾಪದ ಹಳಗನ್ನಡದಲ್ಲಿ ‘ತಱಿ’. ಇಂದಿನ ‘ತರಿದು ಹಾಕು’, ‘ತಲೆ ತರಿ’ ಎಂಬ ಮಾತುಗಳು ಇದರಿಂದ ಬಂದವು. ತೆಲುಗಿನಲ್ಲಿ ತರಕಾರಿ ಹೆಚ್ಚುವುದಕ್ಕೆ ಹೇಳುವ ‘ತರುಗು’ ಇದರ ಬಳಗದ್ದೇ. ತಮಿಳಿನ ‘ತಱಿ’ಗೆ ಕಡಿಯುವ ಅರ್ಥವಲ್ಲದೆ ಗೂಟ, ಮಗ್ಗ ಎಂಬ ಅರ್ಥಗಳೂ ಉಂಟು, ಕೈಮಗ್ಗಕ್ಕೆ ಅಲ್ಲಿನ ಮಾತು ‘ಕೈತ್ತಱಿ’.

ನುಚ್ಚು, ಒರಟು ಪುಡಿ ಎಂಬ ಅರ್ಥದ ‘ತರಿ’ ಬೇರೆಯೇ ಪದ. ಮಲೆನಾಡಿನ ಕಡುಬಿಗೆ ಅಕ್ಕಿತರಿ ಬೇಕು. ಚಟ್ನಿಯನ್ನು ತರಿತರಿಯಾಗಿ ರುಬ್ಬುತ್ತಾರೆ. ಮಲಯಾಳದಲ್ಲಿ ‘ತರಿ’ ಎಂದರೆ ಕಾಳಿನ ಕಣ, ಚೂರು. ರಂಜಾನ್ ಉಪವಾಸ ಬಿಡುವಾಗ ಮಲಬಾರಿನ ಮುಸ್ಲಿಮರು ಕುಡಿಯುವ ರವೆಯ ಗಂಜಿಗೆ ‘ತರಿಕಂಜಿ’ ಎಂದೇ ಹೆಸರು. ಕಡಿದದ್ದೇ ನುಚ್ಚಾಯಿತು ಎಂದು ಈ ಎರಡನ್ನೂ ಒಂದಾಗಿಸುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಮಲಯಾಳ ರಕಾರ ಮತ್ತು ಱಕಾರಗಳನ್ನು ಇಂದಿಗೂ ಬೇರೆಯಾಗಿ ನುಡಿಯುತ್ತದೆ, ಬೇರೆಯಾಗಿ ಬರೆಯುತ್ತದೆ: ಅಲ್ಲಿ ನುಚ್ಚಿನ ತರಿಗೆ ರ, ಮಗ್ಗದ ತಱಿಗೆ ಱ. ಹಳಗನ್ನಡದಲ್ಲೂ ಈ ಭೇದ ಇತ್ತು. ಮುಂದೆ ಱಕಾರ ಕನ್ನಡದ ಬಾಯಿಂದಲೂ ಬರಹದಿಂದಲೂ ಮರೆಯಾದಾಗ ಎರಡು ಪದ ಒಂದೇ ಆಗಿ ಕಾಣತೊಡಗಿದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಱಕಾರವನ್ನು ಉಳಿಸಿಕೊಂಡು ಪದಗಳನ್ನು ಬೇರ್ಪಡಿಸಿದ್ದು ಈ ಕಾರಣಕ್ಕೇ ಬೆಲೆಯುಳ್ಳದ್ದು.

ಮೂರನೆಯದು ಕಂದಾಯದ ಮಾತು. ಪಹಣಿಯಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡವಾಗುತ್ತದೆ. ಫಾರಸಿಯಲ್ಲಿ ‘ಖುಷ್ಕ್’ ಎಂದರೆ ಒಣ, ‘ತರ್’ ಎಂದರೆ ಒದ್ದೆ, ‘ಬಾಗ್’ ಎಂದರೆ ತೋಟ. ತರ್‌ಗೆ ಈಕಾರ ಸೇರಿ ‘ತರೀ’, ಅಂದರೆ ತೇವ. ನಮ್ಮಲ್ಲಿ ಅದು ನೀರಾವರಿ ಗದ್ದೆಯಾಯಿತು. ಉತ್ತರ ಭಾರತದಲ್ಲಿ ಇದೇ ‘ತರೀ’ ಪಲ್ಯದ ರಸಕ್ಕೆ ಹೆಸರು. ಬಿಜಾಪುರ, ಮೊಗಲರು, ಹೈದರ್ ಮತ್ತು ಟಿಪ್ಪುವಿನ ಆಡಳಿತಗಳ ಮೂಲಕ ಇಂಥ ಪದಗಳು ಕನ್ನಡ ಶಾನುಭೋಗರ ಕಡತಕ್ಕೆ ಇಳಿದವು. ತರಿಗೆ ಕಂದಾಯ ಹೆಚ್ಚು, ಖುಷ್ಕಿಗೆ ಕಡಿಮೆ. ಆದ್ದರಿಂದ ಫಾರಸಿಯ ಗಂಧವಿಲ್ಲದ ರೈತನಿಗೂ ಈ ಎರಡರ ಅಂತರ ಚೆನ್ನಾಗಿ ಗೊತ್ತಿತ್ತು. ಈ ಸೀಮೆಯಲ್ಲಂತೂ ಎರಡೂ ಅಕ್ಕಪಕ್ಕದಲ್ಲೇ ಇವೆ. ಅಜ್ಜಂಪುರದ ಎರೆಮಣ್ಣು, ಕಡೂರಿನ ಬಯಲು ಬಹುಪಾಲು ಮಳೆ ನಂಬಿದ ಖುಷ್ಕಿ. ಬಾಬಾಬುಡನ್ ಗಿರಿಯ ನೀರು ತುಂಬುವ ಮದಗದಕೆರೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗಳ ಕೆಳಗೆ ತರಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯೇ ಇದೆ.

ಸಂಸ್ಕೃತದ ‘ತರಿ’ ದೋಣಿ. ದಾಟು ಎಂಬ ಅರ್ಥದ ‘ತೄ’ ಧಾತುವಿನಿಂದ ಹುಟ್ಟಿದ್ದು. ತರಣ, ತೀರ್ಥ, ಅವತಾರಗಳು ಇದರ ಸಹೋದರರು. ಕನ್ನಡದಲ್ಲಿ ಇದು ಕಾವ್ಯ, ನಿಘಂಟುಗಳನ್ನು ದಾಟಿ ಬರಲಿಲ್ಲ.

ನಮ್ಮ ಭಾಷೆಗಳೊಂದಿಗೆ ನಂಟೇ ಇಲ್ಲದ ಕಡೆಗಳಲ್ಲೂ ಈ ಸದ್ದು ಸಿಗುತ್ತದೆ. ಮಲಯ್ ಮತ್ತು ಇಂಡೊನೇಷ್ಯದ ಭಾಷೆಯಲ್ಲಿ ‘ತರಿ’ ಎಂದರೆ ನೃತ್ಯ. ನ್ಯೂಜಿಲೆಂಡಿನ ಮಾವೊರಿಯಲ್ಲಿ ‘ತರಿ’ ಎಂದರೆ ಕಚೇರಿ, ಇಲಾಖೆ. ಅಲ್ಲಿನ ತೆರಿಗೆ ಇಲಾಖೆಯ ಮಾವೊರಿ ಹೆಸರು ‘ತೆ ತರಿ ತಾಕೆ’. ನಮ್ಮ ತರಿಯೂ ಕಂದಾಯ ಇಲಾಖೆಯದೇ ಅಲ್ಲವೆ ಎಂದು ಯಾರಾದರೂ ಹಿಗ್ಗಿದರೆ ನಕ್ಕು ಸುಮ್ಮನಾಗಬಹುದು, ಅಷ್ಟೆ. ತ, ರ, ಅ, ಇ ಲೋಕದ ಬಹುತೇಕ ಭಾಷೆಗಳಲ್ಲಿರುವ ಧ್ವನಿಗಳು. ಇವುಗಳಿಂದ ಕಟ್ಟಬಹುದಾದ ಎರಡಕ್ಷರದ ಪದಗಳು ಎಣಿಕೆಗೆ ಸಿಗುವಷ್ಟೇ, ಭಾಷೆಗಳೋ ಸಾವಿರಾರು. ಪದ ಗಿಡ್ಡವಾದಷ್ಟೂ ಆಕಸ್ಮಿಕ ಹೋಲಿಕೆ ಹೆಚ್ಚು. ನಂಟು ಸಾಧಿಸಬೇಕಾದರೆ ಒಂದು ಪದ ಸಾಲದು. ಅನೇಕ ಪದಗಳಲ್ಲಿ ಒಂದೇ ಬಗೆಯ ಧ್ವನಿವ್ಯತ್ಯಾಸ ಕ್ರಮವಾಗಿ ಕಾಣಬೇಕು.

ಸ್ಥಳನಾಮಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಕಡೂರು ಎಂದರೆ ಕಡವೆಯ ಊರು ಎಂಬ ವಿವರಣೆ ಬಹುಕಾಲದಿಂದ ಪ್ರಚಾರದಲ್ಲಿದೆ. ಹಾಗೆಯೇ ಕೆರೆಯ ಕೆಳಗೆ ತರಿ ಜಮೀನು ಇರುವುದರಿಂದ ತರೀಕೆರೆ ಎಂದುಬಿಡುವುದು ಬಹಳ ಸುಲಭ. ಆದರೆ ಕಂದಾಯದ ತರಿ ತಡವಾಗಿ ಬಂದ ಮಾತು. ಅದಕ್ಕಿಂತ ಹಳೆಯದಾದ ಯಾವ ಊರಿನ ಹೆಸರನ್ನೂ ಅದು ವಿವರಿಸಲಾರದು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೆಯ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳದ್ದು, ತರೀಕೆರೆಯವೂ ಅದರಲ್ಲಿವೆ. ಊರಿನ ಹೆಸರಿಗೆ ಅರ್ಥ ಹೇಳಹೊರಡುವವರು ಮೊದಲು ಆ ಪಾಠಗಳನ್ನು ತೆರೆದು, ಅಲ್ಲಿರುವುದು ರಕಾರವೋ ಱಕಾರವೋ ನೋಡಬೇಕು.