ಖೋರ್‌ನ ಆಚೆ ದಡ, ಈಚೆ ದಡ: ದುಬೈಯಲ್ಲಿ ನಮ್ಮವರು ಬಿಡಾರ ಹೂಡಿದ ಬಗೆ

ಈ ಸಂಚಿಕೆಗಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವುತ್ತಿದ್ದಾಗ ತಂದೆಯ ವಿಳಾಸದ ಅಂಕಣದಲ್ಲಿ ಒಂದು ಬದಲಾವಣೆ ಕಣ್ಣಿಗೆ ಬಿತ್ತು. ಮೊದಲೆಲ್ಲ ಮನೆಯ ಹೆಸರು, ಗ್ರಾಮ, ಅಂಚೆ ಎಂದು ತುಂಬಿರುತ್ತಿದ್ದಲ್ಲಿ 1970ರ ದಶಕದ ನಡುವಿನಿಂದ ಒಂದು ಪೋಸ್ಟ್ ಬಾಕ್ಸ್ ಸಂಖ್ಯೆ, ಅದರ ಮುಂದೆ ‘ದೇರಾ, ದುಬೈ’ ಎಂಬ ಬರಹ ಮತ್ತೆ ಮತ್ತೆ ಬರುತ್ತದೆ. ಆ ನಗರದಲ್ಲಿ ಅಂಚೆಯವನು ಮನೆಬಾಗಿಲಿಗೆ ಬರುವ ಪದ್ಧತಿಯಿರಲಿಲ್ಲ; ಕಾಗದ ಸಾಮಾನ್ಯವಾಗಿ ಅಂಗಡಿಯ ಅಥವಾ ಕಂಪೆನಿಯ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ತಂದೆ ಯಾವ ಕೇರಿಯಲ್ಲಿ ಮಲಗುತ್ತಾನೆ, ಯಾರ ನೆರೆಯಲ್ಲಿದ್ದಾನೆ ಎಂಬುದು ಆ ವಿಳಾಸದಿಂದ ಮಗುವಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಕೇರಿಯ ಆಯ್ಕೆಗೂ ಇಲ್ಲಿನ ತರಗತಿಗಳ ಹಾಜರಿಗೂ ಸಂಬಂಧವಿತ್ತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಕಲಿತವರಿಗೆ ಸರಕಾರಿ ಹುದ್ದೆಯ ದಾರಿ ಕಿರಿದಾಯಿತು. ಮುಂಬಯಿಯ ದಾರಿ ಹಳೆಯದು. ಅಲ್ಲಿಂದ ಕೊಲ್ಲಿಯ ಬಂದರುಗಳಿಗೆ ಹಡಗುಗಳಿದ್ದವು. 1966ರವರೆಗೆ ದುಬೈಯಲ್ಲಿ ರೂಪಾಯಿಯೇ ನಡೆಯುತ್ತಿದ್ದುದರಿಂದ ಮೊದಲು ಹೋದವರಿಗೆ ಅದು ತೀರಾ ಪರದೇಶವೆನಿಸಿರಲಾರದು.

ದುಬೈಯನ್ನು ಎರಡಾಗಿ ಸೀಳುವುದು ‘ಖೋರ್’ ಎಂಬ ಉಪ್ಪುನೀರಿನ ಕಡಲಚಾಚು. ಅದರ ಒಂದು ದಡ ದೇರಾ, ಇನ್ನೊಂದು ಬರ್ ದುಬೈ. ಚಂದ್ರಗಿರಿ ಹೊಳೆಯ ಆಚೆ ಈಚೆ ಎಂದು ಊರನ್ನು ಗುರುತಿಸುವ ನಮ್ಮವರಿಗೆ ಈ ಲೆಕ್ಕ ಸುಲಭವಾಗಿ ಹತ್ತಿತು. 1963ರಲ್ಲಿ ಮಕ್ತೂಮ್ ಸೇತುವೆ ಆಗುವ ಮೊದಲು ದಾಟಲು ‘ಅಬ್ರಾ’ ಎಂಬ ದೋಣಿಯೇ ಗತಿ. ಇಲ್ಲವಾದರೆ ಸುತ್ತುಬಳಸಿ ಹೋಗಬೇಕು. ಹೂಳು ತೆಗೆದು ಖೋರನ್ನು ಆಳಗೊಳಿಸಿದ ಮೇಲೆ ದೊಡ್ಡ ಹಾಯಿಹಡಗುಗಳು ಒಳಕ್ಕೆ ಬಂದವು; ಚಿನ್ನ, ಮಸಾಲೆ, ಬಟ್ಟೆಯ ಪೇಟೆಗಳು ಬೆಳೆದವು. ಅಂಗಡಿಗಳಲ್ಲಿ ಕೆಲಸ ಹಿಡಿದ ಕಾಸರಗೋಡಿನವರು ದೇರಾದ ನೈಫ್, ಅಲ್ ರಾಸ್‌ಗಳಲ್ಲಿ ನೆಲೆಗೊಂಡರು. ಬರ್ ದುಬೈಯಲ್ಲಿ ಸಿಂಧಿ ಜವಳಿ ವ್ಯಾಪಾರಿಗಳ ಕೇರಿಯಿತ್ತು; 1958ರಿಂದ ಒಂದು ಗುಡಿಯೂ ಇತ್ತು. ಆ ಕಾರಣಕ್ಕೆ ಆ ದಡವನ್ನೇ ಬಯಸಿದವರೂ ಉಂಟು.

ಆಯ್ಕೆ ಎಂಬ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕು. ಕಟ್ಟಡ ಕೆಲಸಕ್ಕೆ ಹೋದವರಿಗೆ ಕಂಪೆನಿ ಕೊಟ್ಟ ಕ್ಯಾಂಪೇ ಮನೆ. ಅಂಥ ಕ್ಯಾಂಪುಗಳ ಒಂದು ಪ್ರದೇಶಕ್ಕೆ ‘ಸೋನಾಪುರ’, ಅಂದರೆ ಹೊನ್ನೂರು, ಎಂಬ ಹೆಸರು ಬಿದ್ದಿರುವುದು ವ್ಯಂಗ್ಯವೋ ಹಂಬಲವೋ ಹೇಳುವುದು ಕಷ್ಟ. ಉಳಿದವರಿಗೆ ನೆರೆಯನ್ನು ಗೊತ್ತುಮಾಡುತ್ತಿದ್ದವನು ಊರಿನಿಂದ ಮೊದಲು ಹೋದವನು. ಅವನ ಕೋಣೆಯಲ್ಲಿ ಒಂದು ಮಂಚದ ಜಾಗ, ಪಾಲಿನ ಅಡುಗೆ, ಕೆಲಸ ಸಿಗುವವರೆಗೆ ಸಾಲ. ಎರಡನೆಯ ವಿಚಾರ ಬಿಸಿಲಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕೆಲಸದ ಸ್ಥಳಕ್ಕೆ ನಡೆದು ಹೋಗಬಹುದೇ ಎಂಬುದು ಬಾಡಿಗೆಯಷ್ಟೇ ದೊಡ್ಡ ಪ್ರಶ್ನೆ. ಬಸ್ತಕಿಯಾದ ಹಳೆಯ ಪರ್ಷಿಯನ್ ವರ್ತಕರು ಮನೆಯ ಮೇಲೆ ಗಾಳಿಗೋಪುರ ಕಟ್ಟಿ ತಂಪು ಮಾಡಿಕೊಂಡಿದ್ದರು. ನಮ್ಮವರು ಪೇಟೆಯ ಇಕ್ಕಟ್ಟು ಗಲ್ಲಿಗಳ ನೆರಳನ್ನು ನೆಚ್ಚಿದರು.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತು ಬಂದಾಗ ಲೆಕ್ಕವೇ ಬೇರೆ. ನಿಗದಿತ ಸಂಬಳವಿಲ್ಲದವನಿಗೆ ಕುಟುಂಬದ ವೀಸಾ ಇಲ್ಲ. ಇದ್ದವನು ಮೊದಲು ಹುಡುಕುತ್ತಿದ್ದುದು ಶಾಲೆಯನ್ನು. 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲ್ ಮುಂದೆ ಊದ್ ಮೇಥಾದಲ್ಲಿ ನೆಲೆಯೂರಿತು. ಅದರ ಪಕ್ಕದ ಕರಾಮಾ ಭಾರತೀಯ ಸಂಸಾರಗಳಿಗೆ ಮೆಚ್ಚಿನ ಕೇರಿಯಾಯಿತು. ಕರಾಮಾದ ಬಾಡಿಗೆ ಏರಿದಾಗ ಭಾರತೀಯ ಶಾಲೆಗಳಿದ್ದ ಅಲ್ ಕುಸೈಸ್, ಅದೂ ಕೈಗೆಟುಕದಿದ್ದರೆ ಗಡಿಯಾಚೆಯ ಶಾರ್ಜಾ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಆದರೆ ಬೆಳಗ್ಗೆ ಸಂಜೆ ಇತ್ತಿಹಾದ್ ರಸ್ತೆಯಲ್ಲಿ ವಾಹನಗಳು ತೆವಳುತ್ತವೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಅನೇಕ ತಂದೆಯರು ಮಕ್ಕಳೊಡನೆ ಕಳೆಯಬೇಕಾದ ಹೊತ್ತಿನಲ್ಲಿ ತೆತ್ತರು. 2011ರಲ್ಲಿ ಮೆಟ್ರೋದ ಹಸಿರು ಮಾರ್ಗ ಕುಸೈಸ್ ಮುಟ್ಟಿತು. ಶಾರ್ಜಾಕ್ಕೆ ಅದು ಹೋಗಲಿಲ್ಲ.

ಈಗ ನಮ್ಮ ದಾಖಲಾತಿ ಪುಸ್ತಕಕ್ಕೆ ಮರಳೋಣ. ದುಬೈಯಲ್ಲಿ ಕನ್ನಡ ಮಾಧ್ಯಮದ ಶಾಲೆಯಿಲ್ಲ. ತಂದೆ ನೈಫ್‌ನ ಮಂಚದಲ್ಲಿದ್ದಷ್ಟು ಕಾಲ ಮಕ್ಕಳು ಇಲ್ಲಿ, ನಮ್ಮ ಬೆಂಚುಗಳ ಮೇಲೆ. ಕುಸೈಸ್‌ನಲ್ಲಿ ಮನೆ ಹಿಡಿದನೆಂದರೆ ವರ್ಗಾವಣೆ ಪತ್ರಕ್ಕೆ ಅರ್ಜಿ. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಆಡುತ್ತಿದ್ದ ಆ ಮಕ್ಕಳಿಗೆ ಕನ್ನಡ ಶಾಲೆಯಿಂದ ಬಂದ ಭಾಷೆ. ಶಾಲೆ ಬಿಟ್ಟರೆ ಅದನ್ನು ಓದುವ ಬರೆಯುವ ಸಂದರ್ಭವೇ ಇಲ್ಲ. ಮಕ್ಕಳು ಕಡಿಮೆಯಾದುದಕ್ಕೆ ದುಬೈಯನ್ನೊಂದೇ ದೂರುವುದು ನ್ಯಾಯವಲ್ಲ. ಅಲ್ಲಿಂದ ಬಂದ ಹಣದಲ್ಲೇ ಇಲ್ಲಿಯೂ ಅನೇಕರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು. ಅವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದರು, ಅಧ್ಯಾಪಕರೂ ಇದ್ದೆವು. ಇತ್ತ ದುಬೈಯ ಕನ್ನಡಿಗರು ವಾರದ ರಜೆಯಲ್ಲಿ ಉಚಿತವಾಗಿ ಕನ್ನಡ ಅಕ್ಷರ ಕಲಿಸುವ ಪಾಠಶಾಲೆ ನಡೆಸುತ್ತಿದ್ದಾರೆ.

ಅಬ್ರಾ ಇಂದಿಗೂ ಒಂದು ದಿರ್ಹಮಿಗೆ ಖೋರ್ ದಾಟಿಸುತ್ತದೆ. ಊರಿನಿಂದ ಹೊಸದಾಗಿ ಹೊರಟ ಹುಡುಗನಿಗೆ ಅಲ್ಲಿರುವ ಹಿರಿಯರು ಮೊದಲೆಲ್ಲ ಕೇಳುತ್ತಿದ್ದುದು “ಕೆಲಸ ಯಾವ ದಡದಲ್ಲಿ?” ಎಂದು. ಈಗ “ಮೆಟ್ರೋ ಹತ್ತಿರವೋ?” ಎನ್ನುತ್ತಾರೆ. ಮದುವೆಯಾದವನಾದರೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ಮಕ್ಕಳು ಯಾವ ಶಾಲೆಯಲ್ಲಿದ್ದಾರೆ?”