ಆಫ್ರಿಕನ್-ಅಮೆರಿಕನ್ ಕುಟುಂಬ ಚರಿತ್ರೆ ಮತ್ತು ದಾಖಲೆಗಳು

ಆಫ್ರಿಕನ್-ಅಮೆರಿಕನ್ ಕುಟುಂಬ ಚರಿತ್ರೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರ ವಂಶಾವಳಿಯನ್ನು ಶೋಧಿಸುವ, ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನು ಸಂರಕ್ಷಿಸಿ ಸಾರ್ವಜನಿಕರಿಗೆ ಒದಗಿಸುವ ಅಧ್ಯಯನ ಕ್ಷೇತ್ರವಾಗಿದೆ. ಸರ್ಕಾರಿ ಕಡತಗಳು, ಚರ್ಚಿನ ದಾಖಲೆಗಳು, ಪತ್ರಿಕಾ ಜಾಹೀರಾತುಗಳು, ಮನೆಯ ಬೈಬಲ್, ಛಾಯಾಚಿತ್ರಗಳು ಮತ್ತು ಹಿರಿಯರ ಮೌಖಿಕ ಕಥನಗಳು ಇದರ ಮುಖ್ಯ ಆಕರಗಳು. ಗುಲಾಮಗಿರಿಯ ಕಾಲದಲ್ಲಿ ಕಾನೂನು ಗುಲಾಮರನ್ನು ಆಸ್ತಿಯೆಂದು ಪರಿಗಣಿಸಿತ್ತು. ಹೀಗಾಗಿ ಅವರ ಹೆಸರುಗಳು ನಾಗರಿಕರ ದಾಖಲೆಗಳಿಗಿಂತ ಹೆಚ್ಚಾಗಿ ಒಡೆಯರ ಲೆಕ್ಕಪುಸ್ತಕಗಳಲ್ಲಿ ದೊರೆಯುತ್ತವೆ.

ಹಿನ್ನೆಲೆ

ಅಮೆರಿಕದ ಜನಗಣತಿ 1790ರಲ್ಲಿ ಆರಂಭವಾಯಿತು. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳನ್ನು ಸಿದ್ಧಪಡಿಸಲಾಯಿತು. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ಪ್ರತಿಯೊಬ್ಬ ಗುಲಾಮನ ವಯಸ್ಸು, ಲಿಂಗ ಮತ್ತು ಮೈಬಣ್ಣವನ್ನು ನಮೂದಿಸಲಾಗಿದೆ. ಕೆಲವು ಅಪವಾದಗಳನ್ನು ಬಿಟ್ಟರೆ ಹೆಸರುಗಳಿಲ್ಲ. 1860ರಲ್ಲಿ ಹೀಗೆ ಎಣಿಕೆಯಾದವರ ಸಂಖ್ಯೆ 39 ಲಕ್ಷಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ಸ್ವತಂತ್ರರಾಗಿದ್ದ ಸುಮಾರು 4.88 ಲಕ್ಷ ಕಪ್ಪು ಜನರ ಹೆಸರುಗಳು ದಾಖಲಾಗಿವೆ.

1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ರದ್ದುಪಡಿಸಿತು. ವಿಮೋಚನೆ ಪಡೆದವರನ್ನು ಹೆಸರು ಹಿಡಿದು ದಾಖಲಿಸಿದ ಮೊದಲ ರಾಷ್ಟ್ರೀಯ ಜನಗಣತಿ 1870ರದು. ಅದಕ್ಕೂ ಹಿಂದಿನ ಪೂರ್ವಜರನ್ನು ಗುರುತಿಸುವುದು ಬಹಳ ಕಷ್ಟವಾದ್ದರಿಂದ ಸಂಶೋಧಕರು ಈ ತಡೆಯನ್ನು ‘1870ರ ಗೋಡೆ’ ಎಂದು ಕರೆಯುತ್ತಾರೆ. ಗುಲಾಮರ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ಮಾರಾಟದಿಂದಾಗಿ ಗಂಡ, ಹೆಂಡತಿ ಮತ್ತು ಮಕ್ಕಳು ಬೇರೆ ಬೇರೆ ರಾಜ್ಯಗಳ ಪಾಲಾಗುತ್ತಿದ್ದರು. ವಿಮೋಚನೆಯ ನಂತರ ಕೆಲವರು ಕೊನೆಯ ಒಡೆಯನ ಕುಲನಾಮವನ್ನು ಉಳಿಸಿಕೊಂಡರೆ ಇನ್ನು ಕೆಲವರು ಹೊಸದನ್ನು ಆರಿಸಿಕೊಂಡರು. ಆದ್ದರಿಂದ ಕುಲನಾಮವೊಂದೇ ರಕ್ತಸಂಬಂಧಕ್ಕೆ ಪುರಾವೆಯಾಗುವುದಿಲ್ಲ.

ಪ್ರಮುಖ ಆಕರಗಳು

• ಫ್ರೀಡ್‌ಮೆನ್ಸ್ ಬ್ಯೂರೊ ಕಡತಗಳು: ವಿಮೋಚಿತರ ನೆರವಿಗಾಗಿ 1865ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆ 1872ರವರೆಗೆ ಕಾರ್ಯ ನಿರ್ವಹಿಸಿತು. ವಿವಾಹ ನೋಂದಣಿ, ಕೂಲಿ ಒಪ್ಪಂದ, ಪಡಿತರ, ಶಾಲೆ ಮತ್ತು ಆಸ್ಪತ್ರೆಗಳ ದಾಖಲೆಗಳು ಇದರಲ್ಲಿವೆ.
• ಫ್ರೀಡ್‌ಮನ್ಸ್ ಬ್ಯಾಂಕ್ ದಫ್ತರಗಳು: 1865ರಿಂದ 1874ರವರೆಗೆ ನಡೆದ ಈ ಉಳಿತಾಯ ಬ್ಯಾಂಕು ಖಾತೆದಾರರನ್ನು ಗುರುತಿಸಲು ಅವರ ಹುಟ್ಟೂರು, ತಂದೆತಾಯಿ, ಒಡಹುಟ್ಟಿದವರು ಹಾಗೂ ಕೆಲವೊಮ್ಮೆ ಹಿಂದಿನ ಒಡೆಯನ ಹೆಸರನ್ನೂ ಬರೆದುಕೊಳ್ಳುತ್ತಿತ್ತು. ಬ್ಯಾಂಕು ಮುಳುಗಿ ಸಾವಿರಾರು ಜನರ ಉಳಿತಾಯ ನಷ್ಟವಾಯಿತು, ದಫ್ತರಗಳು ಉಳಿದವು.
• ಸೇನಾ ಪಿಂಚಣಿ ಕಡತಗಳು: ಅಂತರ್ಯುದ್ಧದಲ್ಲಿ ಸುಮಾರು 1.79 ಲಕ್ಷ ಕಪ್ಪು ಸೈನಿಕರು ಒಕ್ಕೂಟದ ಸೇನೆಯಲ್ಲಿದ್ದರು. ವಿಧವೆಯರು ಪಿಂಚಣಿ ಪಡೆಯಲು ವಿವಾಹವನ್ನು ಸಾಬೀತುಪಡಿಸಬೇಕಾಗಿದ್ದುದರಿಂದ ಈ ಕಡತಗಳಲ್ಲಿ ನೆರೆಹೊರೆಯವರ ಮತ್ತು ಬಂಧುಗಳ ಸಾಕ್ಷ್ಯಗಳಿವೆ.
• ಒಡೆಯರ ಕಾಗದಪತ್ರಗಳು: ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರ ಮತ್ತು ತೋಟದ ಲೆಕ್ಕಪುಸ್ತಕಗಳಲ್ಲಿ ಗುಲಾಮರ ಹೆಸರುಗಳು ಬೆಲೆಯೊಂದಿಗೆ ಕಾಣಿಸುತ್ತವೆ.
• ಮೌಖಿಕ ಕಥನಗಳು: 1936–38ರಲ್ಲಿ ಸರ್ಕಾರಿ ಯೋಜನೆಯೊಂದರಡಿ ಮಾಜಿ ಗುಲಾಮರ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಸಂಗ್ರಹಿಸಲಾಯಿತು. ಸಂದರ್ಶಕರಲ್ಲಿ ಬಹುಪಾಲು ಬಿಳಿಯರಾಗಿದ್ದುದರಿಂದ ಇವನ್ನು ಎಚ್ಚರದಿಂದ ಓದಬೇಕೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಸಂಗ್ರಾಹಕರು ಮತ್ತು ಸಂಸ್ಥೆಗಳು

ಪೋರ್ಟೊರಿಕೊದಲ್ಲಿ ಜನಿಸಿದ ಆರ್ಟುರೊ ಶೋಂಬರ್ಗ್ ಕಪ್ಪು ಜನರ ಕುರಿತ ಪುಸ್ತಕ, ಹಸ್ತಪ್ರತಿ ಹಾಗೂ ಚಿತ್ರಗಳನ್ನು ಸಂಗ್ರಹಿಸಿದರು. 1926ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು ಪಡೆದುಕೊಂಡ ಈ ಸಂಗ್ರಹ ಇಂದು ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿದೆ. ಹೋವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊಥಿ ಪೋರ್ಟರ್ 1930ರಿಂದ ಅಲ್ಲಿನ ಸಂಗ್ರಹವನ್ನು ಬೆಳೆಸಿದರು. ಆಗ ಬಳಕೆಯಲ್ಲಿದ್ದ ಡ್ಯೂಯಿ ವರ್ಗೀಕರಣದಡಿ ಗ್ರಂಥಾಲಯಗಳು ಕಪ್ಪು ಲೇಖಕರ ಕೃತಿಗಳನ್ನು ವಸಾಹತೀಕರಣ ಮತ್ತು ಗುಲಾಮಗಿರಿ ಎಂಬ ವಿಭಾಗಗಳಿಗೆ ಸೇರಿಸಿಬಿಡುತ್ತಿದ್ದವು. ಪೋರ್ಟರ್ ಇದನ್ನು ಕೈಬಿಟ್ಟು ಕೃತಿಗಳನ್ನು ವಿಷಯಾನುಸಾರ ಜೋಡಿಸಿದರು.

ಅಲೆಕ್ಸ್ ಹೇಲಿಯವರ ‘ರೂಟ್ಸ್’ ಕೃತಿ (1976) ಮತ್ತು ಅದನ್ನು ಆಧರಿಸಿದ ದೂರದರ್ಶನ ಧಾರಾವಾಹಿ (1977) ವಂಶಾವಳಿಯ ಶೋಧವನ್ನು ಜನಪ್ರಿಯಗೊಳಿಸಿದವು. ಕೃತಿಯ ವಂಶವೃಕ್ಷದ ನಿಖರತೆಯನ್ನು ನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ. 1977ರಲ್ಲೇ ವಾಷಿಂಗ್ಟನ್‌ನಲ್ಲಿ ಆಫ್ರೋ-ಅಮೆರಿಕನ್ ಐತಿಹಾಸಿಕ ಮತ್ತು ವಂಶಾವಳಿ ಸಂಘ ಸ್ಥಾಪನೆಯಾಯಿತು.

ಸ್ವಯಂಸೇವಕರ ಕಾರ್ಯ

ಫ್ರೀಡ್‌ಮೆನ್ಸ್ ಬ್ಯೂರೊದ ಕೈಬರಹದ ಕಡತಗಳಲ್ಲಿ ಒಬ್ಬ ವ್ಯಕ್ತಿಯನ್ನು ಹುಡುಕಲು ಹಿಂದೆ ಮೈಕ್ರೊಫಿಲ್ಮ್ ಸುರುಳಿಗಳನ್ನು ಪುಟಪುಟವಾಗಿ ನೋಡಬೇಕಾಗಿತ್ತು. 2015ರ ಜೂನ್ 19ರಂದು ಪ್ರಕಟವಾದ ಯೋಜನೆಯಡಿ 25,000ಕ್ಕೂ ಹೆಚ್ಚು ಸ್ವಯಂಸೇವಕರು ಒಂದು ವರ್ಷದಲ್ಲಿ ಸುಮಾರು 18 ಲಕ್ಷ ಹೆಸರುಗಳ ಸೂಚಿಯನ್ನು ಸಿದ್ಧಪಡಿಸಿದರು. ಫ್ರೀಡ್‌ಮನ್ಸ್ ಬ್ಯಾಂಕಿನ ಸೂಚಿಯನ್ನು ಯೂಟಾ ರಾಜ್ಯದ ಕಾರಾಗೃಹದ ಕೈದಿಗಳು ಹಲವು ವರ್ಷ ದುಡಿದು ಸಿದ್ಧಗೊಳಿಸಿದ್ದರು. ಅದು 2001ರಲ್ಲಿ ಬಿಡುಗಡೆಯಾಯಿತು. ವಿಮೋಚನೆಯ ನಂತರ ಅಗಲಿದ ತಾಯಿ, ಮಕ್ಕಳು ಮತ್ತು ಒಡಹುಟ್ಟಿದವರನ್ನು ಹುಡುಕಲು ಜನರು ‘ಕ್ರಿಶ್ಚಿಯನ್ ರೆಕಾರ್ಡರ್’ ಮೊದಲಾದ ಪತ್ರಿಕೆಗಳಲ್ಲಿ ಜಾಹೀರಾತು ನೀಡುತ್ತಿದ್ದರು. ವಿಲನೋವಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಲಾಸ್ಟ್ ಸೀನ್’ ಯೋಜನೆ ಇವನ್ನು ಒಟ್ಟುಗೂಡಿಸಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ.

ಮನೆಯಲ್ಲಿ ಸಂರಕ್ಷಣೆ

ವರ್ಣಭೇದದ ಕಾಲದಲ್ಲಿ ಬಿಳಿಯರ ಪತ್ರಿಕೆಗಳು ಹಲವೆಡೆ ಕಪ್ಪು ಜನರ ಮರಣವಾರ್ತೆಯನ್ನು ಪ್ರಕಟಿಸುತ್ತಿರಲಿಲ್ಲ. ಆದ್ದರಿಂದ ಚರ್ಚಿನಲ್ಲಿ ಅಂತ್ಯಕ್ರಿಯೆಯ ದಿನ ಹಂಚುವ ಮುದ್ರಿತ ಹಾಳೆಗಳು ಅನೇಕರ ಏಕೈಕ ಜೀವನವೃತ್ತಾಂತವಾಗಿ ಉಳಿದಿವೆ. ಜಾರ್ಜಿಯಾದ ಡಿಜಿಟಲ್ ಗ್ರಂಥಾಲಯವು ಇಂತಹ ಹಾಳೆಗಳನ್ನು ಸಂಗ್ರಹಿಸಿ ಪ್ರಕಟಿಸಿದೆ. ಕಾಗದ ಮತ್ತು ಛಾಯಾಚಿತ್ರಗಳನ್ನು ತೇವ, ಬಿಸಿಲು ಮತ್ತು ಶಾಖದಿಂದ ದೂರವಿಡುವುದು, ಆಮ್ಲರಹಿತ ಲಕೋಟೆಗಳನ್ನು ಬಳಸುವುದು, ಚಿತ್ರದಲ್ಲಿರುವವರ ಹೆಸರನ್ನು ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆಯುವುದು, ಸ್ಕ್ಯಾನ್ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇಡುವುದು ಸಾಮಾನ್ಯ ಕ್ರಮಗಳು. ಕುಟುಂಬ ಸಮಾವೇಶಗಳು ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲು ಅವಕಾಶ ನೀಡುತ್ತವೆ.

ಒಡೆತನದ ಪ್ರಶ್ನೆ

ದಾಖಲೆಗಳು ಯಾರಿಗೆ ಸೇರಬೇಕೆಂಬುದು ವಿವಾದದ ವಿಷಯವಾಗಿದೆ. 1850ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೂಯಿ ಅಗಾಸಿ ತನ್ನ ಜನಾಂಗ ಸಿದ್ಧಾಂತವನ್ನು ಸಮರ್ಥಿಸಲು ರೆಂಟಿ ಮತ್ತು ಆತನ ಮಗಳು ಡೆಲಿಯಾ ಸೇರಿದಂತೆ ಹಲವು ಗುಲಾಮರ ಚಿತ್ರಗಳನ್ನು ತೆಗೆಸಿದ್ದನು. ರೆಂಟಿಯ ವಂಶಸ್ಥೆ ಎಂದು ಹೇಳಿಕೊಂಡ ಮಹಿಳೆಯೊಬ್ಬರು 2019ರಲ್ಲಿ ಆ ಚಿತ್ರಗಳಿಗಾಗಿ ಮೊಕದ್ದಮೆ ಹೂಡಿದರು. ಚಿತ್ರಗಳ ಒಡೆತನದ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮಾನಸಿಕ ನೋವಿಗೆ ಪರಿಹಾರ ಕೇಳಲು 2022ರಲ್ಲಿ ಅವಕಾಶ ನೀಡಿತು. 2025ರಲ್ಲಿ ಉಭಯ ಪಕ್ಷಗಳು ರಾಜಿಯಾದವು. ಅದರಂತೆ ಚಿತ್ರಗಳನ್ನು ರೆಂಟಿ ಮತ್ತು ಡೆಲಿಯಾ ಬದುಕಿದ್ದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿರುವ ಅಂತರರಾಷ್ಟ್ರೀಯ ಆಫ್ರಿಕನ್-ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ನಿರ್ಧರಿಸಲಾಯಿತು.