ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊನ್ನೆ ಊರಿಗೆ ಹೋದಾಗ, ಮಕ್ಕಳ ಡಾಕ್ಟರಾಗಿರೋ ಗೆಳೆಯನ ಜೊತೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಹೋಗಿದ್ದೆ. 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಗೊತ್ತಲ್ಲ, ಕನ್ನಡಿ ಥರ ಹೊಳೆಯುತ್ತವೆ. ಕಂಬದಲ್ಲಿ ಮುಖ ನೋಡಿಕೊಳ್ತಾ ಕೇಳಿದೆ, "ಮಾತು ಬಾರದ ಮಗುಗೆ ಏನಾಗಿದೆ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?" "ಅಮ್ಮ ಹೇಳ್ತಾಳೆ, ನಂಬ್ತೀನಿ." "ಅಮ್ಮ ಸುಳ್ಳು ಹೇಳಿದ್ರೆ?" ತಮಾಷೆಗೆ ಕೇಳಿದ್ದು. ಅವನು ನಗಲಿಲ್ಲ. ಮನೆಗೆ ಬಂದು ಹುಡುಕಿ ಓದಿದ್ದು ಇದು.

1977ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಮಕ್ಕಳ ವೈದ್ಯ ರಾಯ್ ಮೆಡೋ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ಮಕ್ಕಳ ಬಗ್ಗೆ ಬರೆದರು. ಒಬ್ಬಳು ಆರು ವರ್ಷದ ಹುಡುಗಿ, ಮೂತ್ರದಲ್ಲಿ ರಕ್ತ. 12 ಸಲ ಆಸ್ಪತ್ರೆ ವಾಸ, 16 ತಜ್ಞರು, 150ಕ್ಕೂ ಹೆಚ್ಚು ಸಲ ಮೂತ್ರ ಪರೀಕ್ಷೆ! ಕೊನೆಗೆ ನೋಡಿದರೆ, ನರ್ಸ್ ಎದುರಿಗೆ ಹಿಡಿದ ಸ್ಯಾಂಪಲ್‌ಗಳು ಸರಿಯಾಗೇ ಇವೆ. ತಾಯಿ ತನ್ನದನ್ನೇ ಬೆರೆಸುತ್ತಿದ್ದಳು. ಇನ್ನೊಂದು ಪುಟ್ಟ ಮಗುವಿಗೆ ತಾಯಿ ವಿಪರೀತ ಉಪ್ಪು ತಿನ್ನಿಸುತ್ತಿದ್ದಳು. ಅದು ಬದುಕಲಿಲ್ಲ.

ಮೆಡೋ ಇಟ್ಟ ಹೆಸರು 'ಮಂಚೌಸನ್ ಸಿಂಡ್ರೋಮ್ ಬೈ ಪ್ರಾಕ್ಸಿ'. ತನಗೇ ಕಾಯಿಲೆ ಅಂತ ಕತೆ ಕಟ್ಟುವವರಿಗೆ 1951ರಲ್ಲಿ ರಿಚರ್ಡ್ ಆಶರ್, ಬುರುಡೆಗೆ ಹೆಸರಾದ ಜರ್ಮನ್ ಬ್ಯಾರನ್ ಮಂಚೌಸನ್ ಹೆಸರಿಟ್ಟಿದ್ದರು. ಪ್ರಾಕ್ಸಿ ಅಂದ್ರೆ ನಾವು ಕಾಲೇಜಿನಲ್ಲಿ ಅಟೆಂಡೆನ್ಸಿಗೆ ಹಾಕ್ತಿದ್ವಲ್ಲ, ಅದೇ. ಕಾಯಿಲೆ ತಾಯಿಯ ಮನಸ್ಸಿಗೆ, ಸೂಜಿ ಮಗುವಿಗೆ. 2013ರ ಡಿಎಸ್‌ಎಂ-5 ಕೂಡ ಈ ಕಾಯಿಲೆಯನ್ನು ಬರೆಯೋದು ಮಗುವಿನ ಹೆಸರಲ್ಲಲ್ಲ, ಮಾಡಿದವರ ಹೆಸರಲ್ಲಿ.

ದುಡ್ಡಿಗಾಗಿ ಅಲ್ಲ. ವಾರ್ಡಿನಲ್ಲಿ ಸಿಗುವ ಗಮನ, "ಪಾಪ, ಎಂಥಾ ತಾಯಿ" ಅನ್ನೋ ಮಾತು. ಮೆಡೋ ಕಂಡ ತಾಯಂದಿರು ಒರಟರಲ್ಲ; ನಗುನಗುತ್ತಾ ಸಹಕರಿಸುವವರು, ಡಾಕ್ಟರನ್ನು ಹೊಗಳುವವರು. ನನಗೆ ಭಯ ಹುಟ್ಟಿಸಿದ್ದು ಇದೇ.

ಆದರೆ ಅನುಮಾನಕ್ಕೂ ಬೆಲೆ ತೆರಬೇಕಾಯಿತು. ಸ್ಯಾಲಿ ಕ್ಲಾರ್ಕ್ ಅನ್ನೋ ವಕೀಲೆಯ ಇಬ್ಬರು ಹಸುಗೂಸುಗಳು 1996 ಮತ್ತು 1998ರಲ್ಲಿ ತೀರಿಕೊಂಡವು. ಇದು ಕಾಯಿಲೆ ಕಟ್ಟಿದ ಕೇಸಲ್ಲ, ನೇರ ಕೊಲೆ ಆರೋಪ. ಇದೇ ಮೆಡೋ 1999ರಲ್ಲಿ ಸಾಕ್ಷಿ ಹೇಳಿದರು: ಅಂಥ ಮನೆಯಲ್ಲಿ ಒಂದು ಶಿಶು ಹಠಾತ್ತನೆ ಸಾಯುವ ಸಾಧ್ಯತೆ 8,543ರಲ್ಲಿ 1, ಎರಡೂ ಸಾಯೋದು ಅದರ ವರ್ಗ, ಅಂದರೆ 7.3 ಕೋಟಿಗೆ 1. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳನ್ನು ಮಾತ್ರ ಹಾಗೆ ಗುಣಿಸಬಹುದು ಅಂತ ಪಿಯುಸಿಯಲ್ಲೇ ಓದಿದ್ದೇವಲ್ಲ! ಒಂದೇ ಮನೆ, ಒಂದೇ ವಂಶವಾಹಿ, ಸಂಬಂಧವಿಲ್ಲ ಅನ್ನೋದು ಹೇಗೆ? 2003ರಲ್ಲಿ ಆಕೆ ಬಿಡುಗಡೆಯಾದಳು. 2007ರಲ್ಲಿ ತೀರಿಕೊಂಡಳು, 42 ವರ್ಷ. ಮೆಡೋ ಹೆಸರನ್ನು ವೈದ್ಯರ ಪಟ್ಟಿಯಿಂದ 2005ರಲ್ಲಿ ತೆಗೆದರು, ಮರುವರ್ಷ ಕೋರ್ಟು ವಾಪಸ್ ಸೇರಿಸಿತು.

ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಅಮ್ಮನ್ನ ಈಗಲೂ ನಂಬ್ತೀನಿ ಕಣೋ. ಸ್ಯಾಂಪಲ್ ಮಾತ್ರ ನರ್ಸ್ ಕೈಲಿ ತೆಗೆಸ್ತೀನಿ" ಅಂದ.